ಕತ್ತಲೆಕಾನಿನ ಮರಕ್ಕೊಂದು ಹೆಸರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂದು ಪ್ರತಿಭಾ ಪುರಸ್ಕಾರ ಪಡೆದ ಮಕ್ಕಳಿಗೆ ಮೊದಲು ನನ್ನ ಹೃತ್ಪೂರ್ವಕ ಅಭಿನಂದನೆಗಳು. ಇಂಥ ಸಭೆಗಳಲ್ಲಿ ಅಂಕಗಳ ಬಗ್ಗೆ, ಪ್ರವೇಶ ಪರೀಕ್ಷೆಗಳ ಬಗ್ಗೆ, ಉದ್ಯೋಗದ ಬಗ್ಗೆ ಮಾತನಾಡುವುದು ವಾಡಿಕೆ. ಅದೆಲ್ಲ ಬೇಕಾದದ್ದೇ. ಆದರೆ ಅನೇಕ ವರ್ಷ ಜೀವಶಾಸ್ತ್ರ ಪಾಠ ಮಾಡಿದ ನಾನು ಇಂದು ಒಂದು ಮರದ ವಿಷಯ ಹೇಳಲು ನಿಮ್ಮ ಅನುಮತಿ ಕೇಳುತ್ತೇನೆ. ಅದು ನಮ್ಮದೇ ರಾಜ್ಯದ ಮರ. ಶತಮಾನಗಳಿಂದ ಒಂದೇ ಕಡೆ ನಿಂತಿತ್ತು. ಅದಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು ಮಾತ್ರ 2000ನೇ ಇಸವಿಯಲ್ಲಿ.

ದಾರಿಯ ಬದಿಯ ಕಾಡು

ನಿಮ್ಮಲ್ಲಿ ಹಲವರು ಜೋಗ ಜಲಪಾತಕ್ಕೆ ಪ್ರವಾಸ ಹೋಗಿರುತ್ತೀರಿ. ಹೊನ್ನಾವರದಿಂದ ಹೊರಟು ಗೇರುಸೊಪ್ಪೆ ದಾಟಿ ಬಸ್ಸು ಘಟ್ಟ ಹತ್ತುತ್ತದೆ. ಘಟ್ಟ ಮುಗಿಯುತ್ತ ಬಂದಂತೆ ರಸ್ತೆಯ ಎರಡೂ ಬದಿಯಲ್ಲಿ ದಟ್ಟವಾದ ಕಾಡು ಸಿಗುತ್ತದೆ. ಅದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿಗೆ ಸೇರಿದ ಕತ್ತಲೆಕಾನು. ಕಾನು ಎಂದರೆ ಮಲೆನಾಡಿನವರ ಮಾತಿನಲ್ಲಿ ಸದಾ ಹಸಿರಾಗಿರುವ ದಟ್ಟ ಕಾಡು. ಹಗಲಲ್ಲೂ ಬೆಳಕು ನೆಲ ಮುಟ್ಟದ ಕಾನು ಕತ್ತಲೆಕಾನು. ಈ ಹೆಸರನ್ನು ನೆನಪಿಡಿ, ಮುಂದೆ ಇದು ಬೇಕಾಗುತ್ತದೆ.

ಆ ಕಾಡಿನೊಳಗೆ ತಗ್ಗಿನಲ್ಲಿ ಹರಿಯುವ ಹಳ್ಳಗಳ ಪಕ್ಕ ವರ್ಷವಿಡೀ ನೀರು ನಿಲ್ಲುವ ಜೌಗು ನೆಲವಿದೆ. ಶಿರಸಿ, ಸಿದ್ದಾಪುರದ ಕಡೆಯ ಜನ ಅದನ್ನು ಜಡ್ಡಿ ಎನ್ನುತ್ತಾರೆ. ಅಲ್ಲಿ ಬೆಳೆಯುವ ಮರಗಳಲ್ಲಿ ಮುಖ್ಯವಾದವು ನಮ್ಮ ಅಡುಗೆಮನೆಯ ಜಾಯಿಕಾಯಿಯ ಸಂಬಂಧಿಗಳು, ಅಂದರೆ ರಾಮಪತ್ರೆಯ ಜಾತಿಯವು. ಆದ್ದರಿಂದ ಇವಕ್ಕೆ ರಾಮಪತ್ರೆ ಜಡ್ಡಿ ಎಂದು ಹೆಸರು. ವಿಜ್ಞಾನಿಗಳು ಮಿರಿಸ್ಟಿಕಾ ಜೌಗು ಎನ್ನುತ್ತಾರೆ.

ಸದಾ ನೀರು ನಿಂತ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಬೇರಿಗೂ ಉಸಿರು ಬೇಕಲ್ಲವೇ? ಅದಕ್ಕೆ ಈ ಮರಗಳಲ್ಲಿ ಒಂದು ವ್ಯವಸ್ಥೆಯಿದೆ. ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಳಗಿಳಿಯುತ್ತದೆ. ಇನ್ನು ಕೆಲವು ಮರಗಳು ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಂತಿರುತ್ತವೆ. ಜಾಯಿಕಾಯಿಯ ಕುಟುಂಬ ಹೂ ಬಿಡುವ ಸಸ್ಯಗಳಲ್ಲೇ ಬಹಳ ಪುರಾತನವಾದದ್ದು. ಹಾಗಾಗಿ ಈ ಜಡ್ಡಿಗಳು ಬಹು ಹಳೆಯ ಕಾಲದ ಕಾಡಿನ ಉಳಿಕೆಗಳು. ತಿರುವಾಂಕೂರಿನ ಕಾಡುಗಳಲ್ಲಿರುವ ಇಂಥ ಜೌಗುಗಳನ್ನು ಕೆ. ಕೃಷ್ಣಮೂರ್ತಿ ಎಂಬವರು 1960ರಲ್ಲಿ ವಿವರಿಸಿದ ಮೇಲೆ ಇವುಗಳತ್ತ ಅರಣ್ಯಶಾಸ್ತ್ರಜ್ಞರ ಗಮನ ಹರಿಯಿತು.

ಇಂಥ ಜಡ್ಡಿಗಳಲ್ಲಿ, ಆ ರಾಮಪತ್ರೆ ಜಾತಿಯ ಮರಗಳ ನಡುವೆ, ಜಾಯಿಕಾಯಿಯ ಕುಟುಂಬಕ್ಕೆ ಸೇರದ ಒಂದು ಮರ ನಿಂತಿತ್ತು. ಅದು ಗೇರಿನ, ಮಾವಿನ ಕುಟುಂಬದ್ದು. ಅದೇ ನಾನು ಹೇಳಹೊರಟ ಮರ.

ಹೆಸರಿಡುವುದು ಹೇಗೆ?

ಮಗು ಹುಟ್ಟಿದ ಏಳನೆಯ ದಿನ ನಾವು ಹೆಸರಿಡುತ್ತೇವೆ. ಮನೆಯ ಹಿರಿಯರು ಕೂಡಿ ಆಲೋಚಿಸುತ್ತಾರೆ, ಅರ್ಥ ನೋಡುತ್ತಾರೆ. ಸಸ್ಯಕ್ಕೆ ಹೆಸರಿಡುವುದು ಅದಕ್ಕಿಂತ ಕಷ್ಟದ ಕೆಲಸ. ಮೊದಲು ಅದು ನಿಜವಾಗಿಯೂ ಹೊಸತು ಎಂದು ಸಾಧಿಸಬೇಕು.

ಅದಕ್ಕೆ ಎಲೆ ಮಾತ್ರ ಸಾಲದು. ಹೂವೂ ಬೇಕು, ಕಾಯಿಯೂ ಬೇಕು. ಈ ಕುಲದ ಮರಗಳಲ್ಲಿ ಸಾಮಾನ್ಯವಾಗಿ ಗಂಡು ಹೂ ಒಂದು ಮರದಲ್ಲಿ, ಹೆಣ್ಣು ಹೂ ಇನ್ನೊಂದು ಮರದಲ್ಲಿ ಇರುತ್ತದೆ. ಆದ್ದರಿಂದ ಒಂದೇ ಮರ ನೋಡಿ ತೀರ್ಮಾನಿಸುವಂತಿಲ್ಲ. ಹೂ ಬಿಡುವ ಕಾಲಕ್ಕೊಮ್ಮೆ, ಕಾಯಿ ಆಗುವ ಕಾಲಕ್ಕೊಮ್ಮೆ ಕಾಡಿಗೆ ಹೋಗಬೇಕು. ಕೊಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಒತ್ತಿ, ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಬೇಕು. ಎಲ್ಲಿ, ಯಾವತ್ತು, ಯಾರು ಸಂಗ್ರಹಿಸಿದರು ಎಂದು ಚೀಟಿ ಬರೆಯಬೇಕು. ಅದು ಹರ್ಬೇರಿಯಂ ಹಾಳೆ.

ಆಮೇಲೆ ಹೋಲಿಕೆಯ ಕೆಲಸ. ಜೋಸೆಫ್ ಹೂಕರ್ ಅವರ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ ಏಳು ಸಂಪುಟಗಳಲ್ಲಿ 1872ರಿಂದ 1897ರವರೆಗೆ ಪ್ರಕಟವಾಯಿತು. ಕೆನರಾ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿ ಓಡಾಡಿದ ಟಾಲ್ಬಟ್ ಅವರು ಮುಂಬಯಿ ಪ್ರಾಂತ್ಯದ ಮರಗಿಡಗಳ ಬಗ್ಗೆ ಬರೆದ ಎರಡು ಸಂಪುಟಗಳು 1909 ಮತ್ತು 1911ರಲ್ಲಿ ಬಂದವು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಇವೆಲ್ಲದರಲ್ಲೂ ಹುಡುಕಬೇಕು. ಇದರ ಹತ್ತಿರದ ಸಂಬಂಧಿಗಳೊಂದಿಗೆ ಎಲೆ, ಹೂ, ಕಾಯಿಗಳನ್ನು ಒಂದೊಂದಾಗಿ ಹೋಲಿಸಬೇಕು. ಎಲ್ಲಿಯೂ ಹೊಂದಲಿಲ್ಲವೆಂದರೆ ಆಗ ಹೊಸ ಪ್ರಭೇದ ಎನ್ನುವ ಧೈರ್ಯ ಬರುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ಸಸ್ಯಗಳ ಹೆಸರಿಗೆ ಅಂತಾರಾಷ್ಟ್ರೀಯ ನಿಯಮಾವಳಿಯಿದೆ. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಬರೆದ ಗ್ರಂಥದಿಂದ ಸಸ್ಯನಾಮಗಳ ಲೆಕ್ಕ ಶುರುವಾಗುತ್ತದೆ. ಹೆಸರಿನಲ್ಲಿ ಎರಡು ಪದ ಇರಬೇಕು. ಮೊದಲನೆಯದು ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಒಂದು ಹಾಳೆಯನ್ನು ಮಾದರಿ ಎಂದು ಗೊತ್ತುಪಡಿಸಿ ಹರ್ಬೇರಿಯಂನಲ್ಲಿ ಇಡಬೇಕು. ನಾಳೆ ಯಾರಿಗೆ ಸಂಶಯ ಬಂದರೂ ಆ ಹಾಳೆಯನ್ನೇ ನೋಡಬೇಕು. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯದ ವಿವರಣೆಯನ್ನು ಲ್ಯಾಟಿನ್ ಭಾಷೆಯಲ್ಲಿ ಕೊಡುವುದು ಕಡ್ಡಾಯವಾಗಿತ್ತು. 2012ರಿಂದ ಇಂಗ್ಲಿಷ್ ಆದರೂ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ, 2000ನೇ ಇಸವಿಯಲ್ಲಿ, ಡೆಹ್ರಾಡೂನಿನಿಂದ ಹೊರಡುವ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟವಾಯಿತು. ಬರೆದವರು ದಾಸಪ್ಪ ಮತ್ತು ಕರ್ನಾಟಕ ಅರಣ್ಯ ಇಲಾಖೆಯ ಎಂ. ಎಚ್. ಸ್ವಾಮಿನಾಥ್. ಕತ್ತಲೆಕಾನಿನ ಆ ಮರಕ್ಕೆ ಅವರಿಟ್ಟ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್.

ಹೆಸರಿನೊಳಗಿನ ಚರಿತ್ರೆ

ಉದ್ದ ಹೆಸರು ಎಂದು ನಗಬೇಡಿ. ಬಿಡಿಸಿ ನೋಡೋಣ.

‘ಎನ್ಸಿಸ್’ ಎಂದರೆ ಲ್ಯಾಟಿನ್ನಿನಲ್ಲಿ ‘ಆ ಊರಿನದು’ ಎಂದರ್ಥ. ಕತ್ತಲೆಕಾನೆನ್ಸಿಸ್ ಎಂದರೆ ಕತ್ತಲೆಕಾನಿನದು. ಹಳ್ಳಿಯ ಜನ ಆಡುವ ‘ಕತ್ತಲೆ’ ಮತ್ತು ‘ಕಾನು’ ಎಂಬ ನಮ್ಮ ಎರಡು ಕನ್ನಡ ಪದಗಳು ಲ್ಯಾಟಿನ್ ಬಾಲ ಹಚ್ಚಿಕೊಂಡು ಪ್ರಪಂಚದ ಸಸ್ಯಶಾಸ್ತ್ರಕ್ಕೆ ಸೇರಿಹೋದವು. ಲಂಡನ್ನಿನಲ್ಲಿ ಕುಳಿತವನೂ ಟೋಕಿಯೋದಲ್ಲಿ ಕುಳಿತವನೂ ಈ ಮರದ ಬಗ್ಗೆ ಬರೆಯುವಾಗ ನಮ್ಮ ಕಾಡಿನ ಹೆಸರನ್ನೇ ಬರೆಯಬೇಕು.

ಮೊದಲ ಪದ ‘ಸೆಮೆಕಾರ್ಪಸ್’ ಗ್ರೀಕ್ ಮೂಲದ್ದು. ಗುರುತು ಹಾಕುವ ಕಾಯಿ ಎಂದು ಅದರ ಅರ್ಥ. ಲಿನ್ನೇಯಸ್‌ನ ಮಗ ಈ ಕುಲಕ್ಕೆ ಆ ಹೆಸರನ್ನಿಟ್ಟದ್ದು ನಮ್ಮ ಕರಿಗೇರು ಮರವನ್ನು ನೋಡಿ. ಅದರ ಕಾಯಿಯ ಸಿಪ್ಪೆಯಲ್ಲಿರುವ ಕಪ್ಪು ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದ ಗುರುತು. ಆ ರಸ ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಆದ್ದರಿಂದ ದಯವಿಟ್ಟು ಯಾರೂ ಪ್ರಯೋಗ ಮಾಡಲು ಹೋಗಬೇಡಿ.

ಸಂಸ್ಕೃತದಲ್ಲಿ ಕರಿಗೇರಿಗೆ ಭಲ್ಲಾತಕ ಎಂದು ಹೆಸರು. ಭಾರತದಿಂದ ಅರಬ್ ನಾಡಿಗೆ ಹೋದ ಮದ್ದುಗಳಲ್ಲಿ ಇದೂ ಒಂದು. ಆ ಹೆಸರೇ ಪಾರಸಿಯ ಮೂಲಕ ಅರಬ್ಬೀ ಭಾಷೆಗೆ ಹೋಗಿ ‘ಬಲಾದುರ್’ ಆಯಿತು. ಇದರಿಂದ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಅಲ್ಲಿನ ವೈದ್ಯರಲ್ಲಿತ್ತು. ಇಸ್ಲಾಮೀ ಇತಿಹಾಸ ಓದಿದವರು ‘ಫುತೂಹುಲ್ ಬುಲ್ದಾನ್’ ಎಂಬ ಗ್ರಂಥದ ಹೆಸರು ಕೇಳಿರುತ್ತೀರಿ. ಅದನ್ನು ಬರೆದ, 892ರಲ್ಲಿ ತೀರಿಕೊಂಡ ಬಗ್ದಾದಿನ ಇತಿಹಾಸಕಾರರ ಹೆಸರು ಅಲ್ ಬಲಾದುರಿ. ಅವರು ಈ ಕಾಯಿಯ ರಸ ಕುಡಿದು ಬುದ್ಧಿ ಸ್ವಾಧೀನ ತಪ್ಪಿದ್ದರಿಂದ ಆ ಹೆಸರು ಬಂತು ಎಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ರಸ ಕುಡಿದವರು ಅವರಲ್ಲ, ಅವರ ಅಜ್ಜ ಎಂದು ಹೇಳುವವರೂ ಇದ್ದಾರೆ. ಪರೀಕ್ಷೆಯ ಹಿಂದಿನ ದಿನ ಅಡ್ಡದಾರಿ ಹುಡುಕುವ ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು!

ನಮ್ಮ ಪೂರ್ವಜ ವಿದ್ವಾಂಸರಿಗೆ ಗಿಡಗಳ ಹೆಸರು ಸಣ್ಣ ವಿಷಯವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಒಂಬತ್ತನೆಯ ಶತಮಾನದಲ್ಲಿ ಅಬೂ ಹನೀಫಾ ಅದ್ದೀನವರಿ ಅವರು ‘ಕಿತಾಬುನ್ನಬಾತ್’ ಎಂಬ ಸಸ್ಯಗಳ ಗ್ರಂಥ ಬರೆದರು. (ಇವರು ಫಿಕ್‌ಹ್‌ನ ಇಮಾಂ ಅಬೂ ಹನೀಫಾ ಅಲ್ಲ.) ಹದಿಮೂರನೆಯ ಶತಮಾನದಲ್ಲಿ ಸ್ಪೇನಿನ ಮಾಲಗದ ಇಬ್ನುಲ್ ಬೈತಾರ್ ಊರೂರು ಅಲೆದು 1,400ಕ್ಕೂ ಹೆಚ್ಚು ಔಷಧ ಮತ್ತು ಆಹಾರ ವಸ್ತುಗಳನ್ನು ಹೆಸರು ಸಹಿತ ದಾಖಲಿಸಿದರು. ಅವುಗಳಲ್ಲಿ ಹೆಚ್ಚಿನವು ಗಿಡಮೂಲಿಕೆಗಳು. ಹೆಸರು ತಪ್ಪಿದರೆ ಮದ್ದು ವಿಷವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಹೆಸರಿಲ್ಲದಿದ್ದರೆ ಏನು ನಷ್ಟ?

ನಿಮ್ಮಲ್ಲೊಬ್ಬರು ಕೇಳಬಹುದು: ಹೆಸರಿಟ್ಟರೇನು, ಬಿಟ್ಟರೇನು, ಮರ ಮರವೇ ತಾನೇ?

ಒಂದು ಉದಾಹರಣೆ ಕೊಡುತ್ತೇನೆ. ಪಡಿತರ ಚೀಟಿಯಲ್ಲಿ ಹೆಸರಿಲ್ಲದವನಿಗೆ ಅಕ್ಕಿ ಸಿಗುತ್ತದೆಯೇ? ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವನು ಮತ ಹಾಕಬಲ್ಲನೇ? ಅವನು ಊರಿನಲ್ಲಿ ಹುಟ್ಟಿ ಬೆಳೆದಿದ್ದರೂ ಕಚೇರಿಯ ಲೆಕ್ಕದಲ್ಲಿ ಇಲ್ಲದವನೇ. ಮರದ ಸ್ಥಿತಿಯೂ ಹಾಗೆಯೇ. ಹೆಸರಿಲ್ಲದ ಮರವನ್ನು ಯಾವ ಪಟ್ಟಿಗೂ ಸೇರಿಸಲಾಗದು. ಎಷ್ಟಿವೆ ಎಂದು ಎಣಿಸಲಾಗದು. ರಕ್ಷಿಸಿ ಎಂದು ಅರ್ಜಿ ಬರೆಯಲೂ ಆಗದು. ಅದು ಇಲ್ಲವಾದರೆ ಇಲ್ಲವಾಯಿತು ಎಂದು ಹೇಳುವುದಕ್ಕೂ ಒಂದು ಪದವಿರುವುದಿಲ್ಲ.

ಪಶ್ಚಿಮ ಘಟ್ಟದಲ್ಲಿ ಇಂಥ ಜಡ್ಡಿಗಳು ಒಂದು ಕಾಲಕ್ಕೆ ಈಗಿಗಿಂತ ಹೆಚ್ಚಾಗಿದ್ದವು. ಬೇಸಿಗೆಯಲ್ಲೂ ನೀರಿರುವ ತಗ್ಗು ನೆಲ ಯಾರಿಗೆ ಬೇಡ? ಭತ್ತದ ಗದ್ದೆಗಳಿಗೆ, ಅಡಿಕೆ ತೋಟಗಳಿಗೆ ಅವುಗಳಲ್ಲಿ ಅನೇಕವು ಹೋದವು. ರೈತರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಅನ್ನ ಬೇಕಿತ್ತು. ಆದರೆ ಹಾಗೆ ಹೋದ ಜಡ್ಡಿಗಳಲ್ಲಿ ಎಂಥೆಂಥ ಮರಗಳಿದ್ದವು ಎಂದು ಇನ್ನು ಯಾರೂ ಹೇಳಲಾರರು.

ಕತ್ತಲೆಕಾನಿನ ಮರಕ್ಕೆ ಹೆಸರು ಸಿಕ್ಕ ಮೇಲೆ ಎಣಿಕೆ ನಡೆಯಿತು. ಆ ಮೊದಲ ವರ್ಷಗಳ ಅಂದಾಜಿನಲ್ಲಿ ಬೆಳೆದ ಮರಗಳ ಸಂಖ್ಯೆ 100ಕ್ಕಿಂತ ಕಡಿಮೆ! ಈ ಸಭಾಂಗಣದಲ್ಲಿ ಈಗ ಕುಳಿತಿರುವವರಷ್ಟೂ ಇಲ್ಲ. ಅದರಲ್ಲಿ ಗಂಡು ಮರಗಳೆಷ್ಟು, ಹೆಣ್ಣು ಮರಗಳೆಷ್ಟು, ಬಿತ್ತಿದ ಬೀಜದಲ್ಲಿ ಬದುಕುವ ಸಸಿ ಎಷ್ಟು ಎಂದು ಲೆಕ್ಕ ಹಾಕಿದರೆ ಅದರ ಬಾಳು ಎಷ್ಟು ಸಣ್ಣ ನೂಲಿನಲ್ಲಿ ತೂಗುತ್ತಿದೆ ಎಂದು ತಿಳಿಯುತ್ತದೆ. ಅತ್ಯಂತ ಅಪಾಯಕ್ಕೆ ಸಿಲುಕಿದ ಪ್ರಭೇದ ಎಂದು ಸಂಶೋಧಕರು ಅದನ್ನು ಗುರುತಿಸಿದರು. ಶಿರಸಿಯ ಅರಣ್ಯ ಕಾಲೇಜಿನ ಆರ್. ವಾಸುದೇವ ಮತ್ತು ಸಂಗಡಿಗರು ಅದರ ಹೂ, ಕಾಯಿ, ಬೀಜಗಳ ಅಧ್ಯಯನ ಮಾಡಿದರು. ನರ್ಸರಿಯಲ್ಲಿ ಸಸಿ ಬೆಳೆಸಿ ಜಡ್ಡಿಗಳಿಗೆ ಮರಳಿಸುವ ಪ್ರಯತ್ನವೂ ನಡೆಯಿತು. ಇದೆಲ್ಲ ಹೆಸರು ಬಂದ ನಂತರದ ಮಾತು.

ಅಷ್ಟೇ ಅಲ್ಲ. ಒಂದು ಮರದತ್ತ ಕಣ್ಣು ಹರಿದಾಗ ಸುತ್ತಲಿನದೂ ಕಾಣತೊಡಗುತ್ತದೆ. ಕುಮಟಾದಲ್ಲಿ ಸಸ್ಯಶಾಸ್ತ್ರ ಅಧ್ಯಾಪಕರಾಗಿದ್ದ ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಇನ್ನೆರಡು ಅಪರೂಪದ ಮರಗಳು ಉತ್ತರ ಕನ್ನಡದಲ್ಲಿವೆ ಎಂದು ಪ್ರಕಟಿಸಿದರು. ಒಂದು ಹಿಪ್ಪೆಯ ಕುಲದ್ದು, ಇನ್ನೊಂದು ನೇರಳೆಯ ಕುಲದ್ದು. ಅಲ್ಲಿಯವರೆಗೆ ಅವು ದಕ್ಷಿಣದ ಕೇರಳದ ಕಾಡಿಗಷ್ಟೇ ಸೇರಿದವೆಂದು ತಿಳಿಯಲಾಗಿತ್ತು. ಈ ಕಾಡುಗಳಲ್ಲಿ ಸಿಂಗಳೀಕಗಳೂ ವಾಸಿಸುತ್ತವೆ. 2011ರಲ್ಲಿ ಸರ್ಕಾರ ಸುಮಾರು 300 ಚದರ ಕಿಲೋಮೀಟರ್ ಪ್ರದೇಶವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಕತ್ತಲೆಕಾನೂ ಅದರೊಳಗೆ ಬಂತು. 2019ರಲ್ಲಿ ಆ ಮೀಸಲನ್ನು ಶರಾವತಿ ಕಣಿವೆ ಅಭಯಾರಣ್ಯದೊಂದಿಗೆ ಸೇರಿಸಲಾಯಿತು. ಕಾಗದದ ಮೇಲಿನ ಘೋಷಣೆಯಿಂದಲೇ ಕಾಡು ಉಳಿಯುವುದಿಲ್ಲ, ನಿಜ. ಆದರೆ ಕಾಗದದ ಮೇಲೂ ಇಲ್ಲದಿದ್ದರೆ ಉಳಿಸಿ ಎಂದು ಕೇಳುವ ಹಕ್ಕೂ ಇರುವುದಿಲ್ಲ.

ನಾನು ಮಾಡಿದ ತಪ್ಪು

ಈಗ ಒಂದು ತಪ್ಪೊಪ್ಪಿಗೆ. ಪಿ.ಯು. ತರಗತಿಯ ಮಕ್ಕಳಿಂದ ನಾನು ಪ್ರತಿ ವರ್ಷ ಎಲೆಗಳ ಸಂಗ್ರಹ ಪುಸ್ತಕ ಮಾಡಿಸುತ್ತಿದ್ದೆ. ಹೆಚ್ಚಿನವರು ಹಿಂದಿನ ವರ್ಷದವರ ಪುಸ್ತಕ ನೋಡಿ ನಕಲು ಮಾಡುತ್ತಿದ್ದರು. ದಾಸವಾಳ, ತುಳಸಿ, ಬೇವು, ಮಾವು. ಹೆಸರೆಲ್ಲ ಸರಿಯಾಗಿ ಇರುತ್ತಿತ್ತು, ಪೂರ್ತಿ ಅಂಕ ಕೊಡುತ್ತಿದ್ದೆ. ಒಂದು ವರ್ಷ ಒಬ್ಬ ಹುಡುಗ ಮಾತ್ರ ತಾನೇ ಗುಡ್ಡ ಹತ್ತಿ ತಂದ ಎಲೆಗಳನ್ನು ಅಂಟಿಸಿದ್ದ. ಅವನ ತಂದೆ ಮರದ ಕೆಲಸಕ್ಕೆ ಕಾಡಿಗೆ ಹೋಗುವವರು. ತಂದೆ ಹೇಳಿಕೊಟ್ಟ ಹೆಸರುಗಳನ್ನು ಅವನು ಮನೆಯ ಭಾಷೆಯಲ್ಲೇ ಬರೆದಿದ್ದ. ಅವುಗಳಲ್ಲಿ ಅರ್ಧದಷ್ಟು ಹೆಸರು ನಾನು ಕೇಳಿರಲಿಲ್ಲ. ಪುಸ್ತಕದಲ್ಲಿ ಇಲ್ಲದ ಹೆಸರು ಬರೆಯಬಾರದು ಎಂದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ತರಗತಿ ನಕ್ಕಿತು. ಅವನು ಪುಸ್ತಕ ತೆಗೆದುಕೊಂಡು ಹೋದ, ಮುಂದೆ ಬೇರೆ ವಿಷಯ ಆರಿಸಿಕೊಂಡ.

ಕತ್ತಲೆಕಾನಿನ ಮರದ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕೆಂಪು ಗೆರೆಗಳು. ಆ ಹುಡುಗನ ಎಲೆಗಳಲ್ಲಿ ಹೊಸ ಪ್ರಭೇದವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ನೋಡುವ ಕಣ್ಣು ಅವನಿಗಿತ್ತು, ಹೆಸರು ಬಲ್ಲ ತಂದೆ ಮನೆಯಲ್ಲಿದ್ದರು. ಪುಸ್ತಕದಲ್ಲಿ ಇಲ್ಲದ ಹೆಸರು ಎಂದರೆ ತಪ್ಪು ಹೆಸರು ಎಂದು ನಾನು ತಿಳಿದಿದ್ದೆ. ಪುಸ್ತಕ ಇನ್ನೂ ಮುಗಿದಿಲ್ಲ ಎಂದೂ ಅರ್ಥವಾಗಬಹುದಿತ್ತು. 2000ನೇ ಇಸವಿಯವರೆಗೆ ಈ ಮರವೂ ಯಾವ ಪುಸ್ತಕದಲ್ಲೂ ಇರಲಿಲ್ಲವಲ್ಲ.

ನೀವೇನು ಮಾಡಬಹುದು?

ಪ್ರಿಯ ವಿದ್ಯಾರ್ಥಿಗಳೇ, ಅಲ್ಲಾಹನು ಆದಂ ಅಲೈಹಿಸ್ಸಲಾಂ ಅವರಿಗೆ ಎಲ್ಲ ವಸ್ತುಗಳ ಹೆಸರುಗಳನ್ನು ಕಲಿಸಿದ ಪ್ರಸಂಗವನ್ನು ನೀವು ಮದ್ರಸದಲ್ಲಿ ಕಲಿತಿದ್ದೀರಿ. ದೇವಚರರಿಗೆ ತಿಳಿಯದ ಹೆಸರುಗಳನ್ನು ಆದಮರು ಹೇಳಿದರು. ಮನುಷ್ಯನಿಗೆ ಸಿಕ್ಕ ಮೊದಲ ವಿದ್ಯೆ ಹೆಸರುಗಳ ವಿದ್ಯೆ. ಭೂಮಿಯಲ್ಲಿ ಪ್ರತಿನಿಧಿ ಎಂಬ ಹೊಣೆಯೂ ಅದೇ ಪ್ರಸಂಗದಲ್ಲಿದೆ. ಒಂದರ ಹೆಸರು ಬಲ್ಲವನಿಗೆ ಅದರ ಅಮಾನತ್ತೂ ಸೇರುತ್ತದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಆದ್ದರಿಂದ ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ. ಹಿತ್ತಿಲಿನ, ತೋಡಿನ ಬದಿಯ, ಗುಡ್ಡದ ಗಿಡಗಳಿಗೆ ಅವರು ಹೇಳುವ ಹೆಸರುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಯಾವ ಭಾಷೆಯಲ್ಲಿ ಹೇಳಿದರೂ ಸರಿ, ಹಾಗೆಯೇ ಬರೆಯಿರಿ. ಯಾವ ತಿಂಗಳು ಹೂ ಬಿಟ್ಟಿತು, ಯಾವಾಗ ಕಾಯಿ ಆಯಿತು ಎಂದೂ ಬರೆಯಿರಿ. ಅವರ ಕಾಲಾನಂತರ ಆ ಹೆಸರುಗಳನ್ನು ಕೇಳಲು ನಿಮಗೆ ಯಾರೂ ಸಿಗಲಾರರು.

ಎರಡನೆಯದು, ಸಸ್ಯಶಾಸ್ತ್ರವನ್ನು ಬೇರೇನೂ ಸಿಗದವರ ವಿಷಯ ಎಂದು ಭಾವಿಸಬೇಡಿ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 1890ರಲ್ಲೇ ಸ್ಥಾಪನೆಯಾಗಿದೆ. ಅರಣ್ಯ ಕಾಲೇಜುಗಳಿವೆ, ವಿಶ್ವವಿದ್ಯಾಲಯಗಳಲ್ಲಿ ಹರ್ಬೇರಿಯಂಗಳಿವೆ. ಗಿಡ ನೋಡಿ ಗುರುತಿಸಬಲ್ಲವರು ಕಡಿಮೆಯಾಗುತ್ತಿದ್ದಾರೆ. ನಮ್ಮ ಸಮುದಾಯದ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ಇತ್ತ ಬಂದರೆ ನನಗೆ ತುಂಬಾ ಸಂತೋಷ. ಪೋಷಕರಲ್ಲಿ ವಿನಂತಿ: ನಿಮ್ಮ ಮಗ ಅಥವಾ ಮಗಳು ಎಲೆ ಹಿಡಿದುಕೊಂಡು ಮನೆಗೆ ಬಂದರೆ ಗದರಬೇಡಿ.

ಮೂರನೆಯದು, ಈ ಮರವನ್ನು ನೋಡಲು ಗುಂಪುಗೂಡಿ ಜಡ್ಡಿಗೆ ನುಗ್ಗಬೇಡಿ. ತುಳಿದರೆ ಸಸಿ ಸಾಯುತ್ತದೆ. ಅಲ್ಲಿಂದ ಬೀಜ, ಎಲೆ ತರಬೇಡಿ. ಅನುಮತಿಯಿಲ್ಲದೆ ಒಳಹೋಗುವುದು ಕಾನೂನಿಗೂ ವಿರುದ್ಧ. ಮುಂದಿನ ಸಲ ಜೋಗಕ್ಕೆ ಹೋಗುವಾಗ ಘಟ್ಟದ ಮೇಲೆ ಬಸ್ಸಿನ ಕಿಟಕಿಯಿಂದ ಆ ಕಾಡನ್ನು ನೋಡಿದರೆ ಸಾಕು. ಪಕ್ಕದಲ್ಲಿ ಕುಳಿತ ಗೆಳೆಯನಿಗೆ, ಇದು ಕತ್ತಲೆಕಾನು, ಈ ಕಾಡಿನ ಹೆಸರಿನಲ್ಲಿ ಒಂದು ಮರವಿದೆ ಎಂದು ಹೇಳಿ. ಅವನು ಏನದರ ಹೆಸರು ಎಂದು ಕೇಳಿದರೆ ತಡವರಿಸದೆ ಪೂರ್ತಿ ಹೇಳಿ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್.

ಇನ್ನೊಂದು ಮಾತು. ಆ ಹುಡುಗ ಈಗ ದೊಡ್ಡವನಾಗಿರುತ್ತಾನೆ. ಈ ವಾರ್ಷಿಕ ಸಂಚಿಕೆ ಅವನ ಕೈಗೆ ಸಿಕ್ಕರೆ, ಅವನ ಮೇಷ್ಟ್ರು ಆ ಹೆಸರುಗಳನ್ನು ಕಲಿಯಲು ಸಿದ್ಧರಿದ್ದಾರೆ ಎಂದು ತಿಳಿಯಲಿ.